ಕಪ್ಪು ಹೊಗೆ, ಕುಗ್ಗಿದ ಬಲ: ಬೋಟಿನ ಡೀಸೆಲ್ ಎಂಜಿನ್‌ನ ಗಾಳಿ ದೋಷ ಹುಡುಕುವುದು ಹೇಗೆ?

ಜೂನ್ ಬಂತೆಂದರೆ ಬೆಂಗಳೂರಿನ ಪೀಣ್ಯದ ನಮ್ಮ ವರ್ಕ್‌ಶಾಪಿನಲ್ಲಿ ಉಪ್ಪಿನ ವಾಸನೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ ಇರುತ್ತದೆ. ಎಂಜಿನ್ ಬಿಚ್ಚಲು ಬೋಟಿನವರಿಗೆ ಸಿಗುವುದು ಅದೇ ಎರಡು ತಿಂಗಳು. ಮಲ್ಪೆಯಿಂದ ಲಾರಿಯಲ್ಲಿ ಘಾಟಿ ಹತ್ತಿ ಬಂದ ಎಂಜಿನ್‌ಗಳನ್ನು ನಾವು ಬಿಚ್ಚಿ, ಜೋಡಿಸಿ, ಪರೀಕ್ಷೆಯ ಬೆಂಚಿನಲ್ಲಿ ಓಡಿಸಿ ವಾಪಸ್ ಕಳಿಸುತ್ತೇವೆ.

ಹಾಗೆ ಕಳಿಸಿದ ಎಂಜಿನ್ ಒಂದರ ಕತೆ ಇದು. ಆರು ಸಿಲಿಂಡರ್, ಸುಮಾರು 6 ಲೀಟರ್, ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲ. ಬೆಂಚಿನಲ್ಲಿ ಚೆನ್ನಾಗಿ ಓಡಿತ್ತು. ಆಗಸ್ಟ್ ಮೂರನೇ ವಾರ ಬೋಟಿನ ಮಾಲೀಕರ ಫೋನ್ ಬಂತು. "ಎಂತ ಮಾರಾಯ್ರೆ, ನೀವು ಮಾಡಿ ಕೊಟ್ಟ ಎಂಜಿನ್ ಕಪ್ಪು ಹೊಗೆ ಬಿಡ್ತಾ ಉಂಟು. ಬಲೆ ಎಳೀಲಿಕ್ಕೆ ಆಗುದಿಲ್ಲ." ಅಲ್ಲಿನ ಮೆಕ್ಯಾನಿಕ್ ಒಬ್ಬರು ಆಗಲೇ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್ ಬಿಚ್ಚಲು ಕೈ ಹಾಕಿದ್ದರಂತೆ. "ದಯವಿಟ್ಟು ಬಿಚ್ಚಬೇಡಿ, ನಾನು ಬರ್ತೀನಿ" ಅಂದೆ.

ನಾನು ಹಾಗೆ ಹೇಳಲು ಕಾರಣ ಇತ್ತು. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ಮಲ್ಪೆಯ ಗಾಳಿಗಿಂತ ಹೆಚ್ಚುಕಡಿಮೆ ನೂರಕ್ಕೆ ಹತ್ತರಷ್ಟು ತೆಳು. ಟರ್ಬೊ ಇಲ್ಲದ ಎಂಜಿನ್‌ಗೆ ಈ ವ್ಯತ್ಯಾಸ ನೇರವಾಗಿ ತಟ್ಟುತ್ತದೆ. ಇಲ್ಲಿ ಸ್ವಲ್ಪ ಹೊಗೆಯಾಡುವ ಎಂಜಿನ್ ಸಮುದ್ರದ ಮೇಲೆ ಇನ್ನೂ ಶುದ್ಧವಾಗಿ ಉರಿಯಬೇಕು. ಇದು ಉಲ್ಟಾ ಆಗಿದೆ. ಗಾಳಿ ತೆಳು ಇರುವ ಕಡೆ ಹೊಗೆ ಇಲ್ಲ, ದಟ್ಟವಾಗಿರುವ ಕಡೆ ಹೊಗೆ! ಅಂದರೆ ಎಂಜಿನ್ ಅಲ್ಲ, ಎಂಜಿನ್ ಕೂತಿರುವ ಜಾಗವನ್ನು ಮೊದಲು ನೋಡಬೇಕು.

ಒಂದು ಲೀಟರ್ ಡೀಸೆಲ್ ಪೂರ್ತಿ ಉರಿಯಲು ಕನಿಷ್ಠ ಸುಮಾರು 10,000 ಲೀಟರ್ ಗಾಳಿ ಬೇಕು. ಎಂಜಿನ್ ನಿಜವಾಗಿ ಎಳೆಯುವುದು ಅದಕ್ಕಿಂತಲೂ ಜಾಸ್ತಿ. ಡೀಸೆಲ್ ಲೆಕ್ಕ ಎಲ್ಲರೂ ಇಡುತ್ತಾರೆ, ಯಾಕೆಂದರೆ ಅದಕ್ಕೆ ದುಡ್ಡು ಕೊಡಬೇಕು. ಗಾಳಿಯ ಲೆಕ್ಕ ಇಡುವವರನ್ನು ನಾನು ಕಂಡಿರುವುದು ತುಂಬಾ ಕಡಿಮೆ.

ಮೊದಲು ಹೊಗೆ ನೋಡಿ

ಬಲ ಕಡಿಮೆ ಆಗಿದೆ, ಆದರೆ ಹೊಗೆ ಇಲ್ಲ ಅಂದರೆ ಸಾಮಾನ್ಯವಾಗಿ ಡೀಸೆಲ್ ಸಾಕಾಗುತ್ತಿಲ್ಲ. ಡೀಸೆಲ್ ಫಿಲ್ಟರ್, ಟ್ಯಾಂಕಿನ ಪೈಪು, ಫೀಡ್ ಪಂಪ್ ನೋಡಿ. ನೀಲಿ ಹೊಗೆ ಅಂದರೆ ಆಯಿಲ್ ಉರಿಯುತ್ತಿದೆ. ಕಪ್ಪು ಹೊಗೆ ಬಂದು ಬಲವೂ ಕುಗ್ಗಿದರೆ ಗಾಳಿ ಕಡಿಮೆ, ಇಲ್ಲವೇ ಡೀಸೆಲ್ ಜಾಸ್ತಿ, ಇಲ್ಲವೇ ಭಾರ ಜಾಸ್ತಿ. ಈ ಮೂರರಲ್ಲಿ ಯಾವುದು ಅಂತ ತಿಳಿಯುವ ಮೊದಲು ಸ್ಪ್ಯಾನರ್ ಹಿಡಿಯಬೇಡಿ.

ಭಾರ ಜಾಸ್ತಿ ಅನ್ನುವುದನ್ನು ಮರೆಯುವವರೇ ಹೆಚ್ಚು. ಬೋಟಿನ ಅಡಿಗೆ ಚಿಪ್ಪು ಹತ್ತಿದ್ದರೆ, ಪ್ರೊಪೆಲ್ಲರ್‌ಗೆ ಹಗ್ಗ ಸುತ್ತಿಕೊಂಡಿದ್ದರೆ, ಅಳತೆ ಮೀರಿದ ಪ್ರೊಪೆಲ್ಲರ್ ಹಾಕಿದ್ದರೆ, ಒಳ್ಳೇ ಎಂಜಿನ್ನೂ ಕಪ್ಪು ಹೊಗೆ ಬಿಡುತ್ತದೆ. ನಮ್ಮ ಬೋಟು ಆಗಷ್ಟೇ ನೀರಿಗೆ ಇಳಿದಿತ್ತು. ಅಡಿ ಕೆರೆದು ಬಣ್ಣ ಬಳಿದಿದ್ದರು. ಪ್ರೊಪೆಲ್ಲರ್ ಹಳೆಯದೇ. ಆ ಅನುಮಾನ ಅಲ್ಲಿಗೆ ಮುಗಿಯಿತು.

ಆಮೇಲೆ ಒಂದು ಸುಲಭದ ಪರೀಕ್ಷೆ. ಬಂದರಿನಿಂದ ಹೊರಗೆ ಹೋಗಿ ಪೂರ್ತಿ ಲೋಡಿನಲ್ಲಿ ಓಡಿಸಿ. ಆರ್‌ಪಿಎಂ, ಅಂದರೆ ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು, ಎಷ್ಟು ಬರುತ್ತದೆ ಬರೆದುಕೊಳ್ಳಿ. ಈಗ ಎಂಜಿನ್ ರೂಮಿನ ಮುಚ್ಚಳ ಪೂರ್ತಿ ತೆಗೆದು ಒಂದೆರಡು ನಿಮಿಷ ಕಾಯಿರಿ. ಆರ್‌ಪಿಎಂ ಏರಿದರೆ, ಹೊಗೆ ತಿಳಿಯಾದರೆ, ಎಂಜಿನ್ ರೂಮಿಗೆ ಗಾಳಿ ಬರುವ ದಾರಿಯೇ ಸಾಲದು. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ನಾವು ಮುಚ್ಚಳ ತೆಗೆದಾಗ ಹೊಗೆ ಸ್ವಲ್ಪ ಕಡಿಮೆ ಆಯಿತು, ಪೂರ್ತಿ ಹೋಗಲಿಲ್ಲ. ಬೋಟು ನಡೆಸುವ ತಂಡೇಲರು ನನ್ನ ಮುಖ ನೋಡಿದರು. "ಅರ್ಧ ಗುಣ ಆಯ್ತಲ್ಲ?" ಅಂದರು. ಸರಿಯಾಗಿಯೇ ಹೇಳಿದ್ದರು. ದೋಷ ಒಂದಲ್ಲ, ಎರಡು ಇದ್ದವು.

ಮೇಸ್ತ್ರಿಯ ನೀರಿನ ಪೈಪು

ಇಲ್ಲಿಂದ ಮುಂದೆ ಕಣ್ಣಳತೆ ಸಾಲದು, ಅಳೆಯಲೇಬೇಕು. ಅದಕ್ಕೆ ದೊಡ್ಡ ಉಪಕರಣ ಏನೂ ಬೇಡ. ಮನೆ ಕಟ್ಟುವಾಗ ಮೇಸ್ತ್ರಿಗಳು ಮಟ್ಟ ನೋಡಲು ನೀರು ತುಂಬಿದ ಪಾರದರ್ಶಕ ಪೈಪ್ ಹಿಡಿಯುತ್ತಾರಲ್ಲ, ಅದೇ ಸಾಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಐದಾರು ಮೀಟರ್ ತನ್ನಿ. ಒಂದು ಹಲಗೆಯ ಮೇಲೆ ಯು ಆಕಾರದಲ್ಲಿ ಬಗ್ಗಿಸಿ ಕಟ್ಟಿ. ಎರಡೂ ಕಾಲುಗಳು ಒಂದೊಂದು ಮೀಟರ್ ಎತ್ತರ ಇರಲಿ. ಅರ್ಧದವರೆಗೆ ನೀರು ತುಂಬಿ, ಬಟ್ಟೆಗೆ ಹಾಕುವ ನೀಲಿ ಎರಡು ಹನಿ ಬಿಡಿ, ಮಟ್ಟ ಚೆನ್ನಾಗಿ ಕಾಣುತ್ತದೆ. ನಡುವೆ ಮನೆಯಲ್ಲಿ ಬಳಸುವ ಅಳತೆ ಟೇಪ್ ಅಂಟಿಸಿ.

ಏರ್ ಫಿಲ್ಟರ್‌ಗೂ ಎಂಜಿನ್‌ಗೂ ನಡುವಿನ ನಳಿಕೆಯಲ್ಲಿ ಸಾಮಾನ್ಯವಾಗಿ ಪ್ಲಗ್ ಹಾಕಿದ ಒಂದು ಸಣ್ಣ ತೂತು ಇರುತ್ತದೆ. ಪ್ಲಗ್ ತೆಗೆದು ಪೈಪಿನ ಒಂದು ತುದಿಯನ್ನು ಅಲ್ಲಿ ಸಿಕ್ಕಿಸಿ. ಇನ್ನೊಂದು ತುದಿ ತೆರೆದಿರಲಿ. ಎಂಜಿನ್ ಎಳೆದಾಗ ಒಂದು ಕಾಲಿನಲ್ಲಿ ನೀರು ಏರುತ್ತದೆ, ಇನ್ನೊಂದರಲ್ಲಿ ಇಳಿಯುತ್ತದೆ. ಎರಡರ ನಡುವಿನ ವ್ಯತ್ಯಾಸವೇ ನಿಮ್ಮ ರೀಡಿಂಗ್. ಒಂದು ಕಡೆ ಏರಿದ್ದನ್ನು ಮಾತ್ರ ಓದಿದರೆ ಅರ್ಧ ರೀಡಿಂಗ್ ಸಿಗುತ್ತದೆ. ಈ ತಪ್ಪು ತುಂಬಾ ಜನ ಮಾಡುತ್ತಾರೆ.

ಟರ್ಬೊ ಇಲ್ಲದ ಎಂಜಿನ್‌ನಲ್ಲಿ ನೀರು ಕುಣಿಯುತ್ತದೆ. ಪೈಪನ್ನು ಬೆರಳಲ್ಲಿ ಸ್ವಲ್ಪ ಹಿಸುಕಿ ಹಿಡಿಯಿರಿ, ನಿಲ್ಲುತ್ತದೆ. ಕಾಲು ಚಿಕ್ಕದಾಗಿದ್ದರೆ ನೀರು ಎಂಜಿನ್ ಒಳಗೆ ಹೋಗುವ ಅಪಾಯ ಉಂಟು, ಅದಕ್ಕೇ ಒಂದು ಮೀಟರ್ ಹೇಳಿದ್ದು. ಅಳೆಯುವುದು ಪೂರ್ತಿ ಲೋಡಿನಲ್ಲಿ, ಪೂರ್ತಿ ಆರ್‌ಪಿಎಂನಲ್ಲಿ. ನ್ಯೂಟ್ರಲ್‌ನಲ್ಲಿ ನಿಧಾನವಾಗಿ ಓಡುವಾಗ ಅಳೆದರೆ ಸುಮ್ನೆ ಸಮಾಧಾನ ಅಷ್ಟೇ. ಲೋಡಿನಲ್ಲಿ ಬೆಲ್ಟು, ಪುಲ್ಲಿ, ಶಾಫ್ಟ್ ಎಲ್ಲ ತಿರುಗುತ್ತಿರುತ್ತವೆ. ಪಂಚೆ, ಟವೆಲ್ಲು ಬಿಗಿಯಾಗಿ ಕಟ್ಟಿ ಇಳಿಯಿರಿ. ಒಬ್ಬರೇ ಇಳಿಯಬೇಡಿ.

ಟರ್ಬೊ ಇಲ್ಲದ ಎಂಜಿನ್‌ಗೆ ಸಾಮಾನ್ಯ ಮಿತಿ ಸುಮಾರು 20 ಇಂಚು ನೀರು, ಅಂದರೆ 500 ಮಿಲಿಮೀಟರ್. ಟರ್ಬೊ ಇದ್ದರೆ ಸುಮಾರು 25 ಇಂಚು, ಅಂದರೆ 635 ಮಿಲಿಮೀಟರ್. ನಿಮ್ಮ ಎಂಜಿನ್‌ನ ಕೈಪಿಡಿಯಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಹಿಡಿಯಿರಿ. ಹೊಸ ಫಿಲ್ಟರ್ ಹಾಕಿದ ದಿನ ಈ ಮಿತಿಯ ಅರ್ಧಕ್ಕಿಂತ ಕೆಳಗೇ ಇರಬೇಕು. ಇಲ್ಲದಿದ್ದರೆ ಆ ಫಿಲ್ಟರ್ ಆ ಎಂಜಿನ್‌ಗೆ ಚಿಕ್ಕದು.

ಪೀಣ್ಯದ ಬೆಂಚಿನಲ್ಲಿ ನಾವು ಬರೆದಿಟ್ಟಿದ್ದು 150 ಮಿಲಿಮೀಟರ್. ಮಲ್ಪೆಯ ಗಾಳಿ ದಟ್ಟ, ಅದೇ ಫಿಲ್ಟರ್‌ನಲ್ಲಿ ಹತ್ತು ಪರ್ಸೆಂಟ್ ಜಾಸ್ತಿ ತೋರಿಸಬೇಕು. ಸುಮಾರು 165 ಅಂದುಕೊಳ್ಳಿ. ಬೋಟಿನಲ್ಲಿ ಬಂದಿದ್ದು 560. ಬರೀ ಮೂರು ವಾರಕ್ಕೆ!

ಪೈಪಿನ ತುದಿಯನ್ನು ಅಲ್ಲಿಂದ ತೆಗೆದು, ಪ್ಲಗ್ ಮತ್ತೆ ಹಾಕಿ, ಎರಡನೇ ಅಳತೆ ಮಾಡಿದೆವು. ಒಂದು ತುದಿ ಎಂಜಿನ್ ರೂಮಿನ ಒಳಗೆ, ಇನ್ನೊಂದು ತುದಿ ಹೊರಗೆ ಗಾಳಿ ಬೀಸದ ಮರೆಯಲ್ಲಿ. ಮುಚ್ಚಳ ಮುಚ್ಚಿ, ಪೂರ್ತಿ ಲೋಡ್. ಇಲ್ಲಿ ಅರ್ಧ ಇಂಚು, ಅಂದರೆ 12-13 ಮಿಲಿಮೀಟರ್ ದಾಟಬಾರದು. ನಮಗೆ 30 ಬಂತು. ಎಂಜಿನ್ ರೂಮ್ ಬಾಯಿ ಮುಚ್ಚಿದ ಡಬ್ಬದ ಹಾಗೆ ಆಗಿತ್ತು.

ಎರಡೂ ರೀಡಿಂಗ್ ಸರಿ ಇದ್ದು ಹೊಗೆ ಮಾತ್ರ ಬರುತ್ತಿದ್ದರೆ ಗಾಳಿಯ ದಾರಿ ಬಿಟ್ಟು ಬೇರೆ ಕಡೆ ಹೋಗಿ. ಆಗ ಇಂಜೆಕ್ಟರ್, ಪಂಪ್ ಟೈಮಿಂಗ್, ಸೈಲೆನ್ಸರ್ ಕಟ್ಟಿಕೊಂಡಿದೆಯಾ ನೋಡುವುದು ನ್ಯಾಯ. ಟರ್ಬೊ ಇದ್ದರೆ ಅದು ಗಾಳಿ ಒತ್ತುವ ಬೂಸ್ಟ್ ಪ್ರೆಶರ್ ಕೂಡ.

ಬಿಳಿ ಬಟ್ಟೆ ಹೇಳಿದ್ದು

ಫಿಲ್ಟರ್ ಕಟ್ಟಿಕೊಂಡಿದೆ ಅಂತ ಗೊತ್ತಾಯಿತು. ಯಾಕೆ ಕಟ್ಟಿಕೊಂಡಿತು ಅಂತ ತಿಳಿಯದೆ ಹೊಸದು ಹಾಕಿದರೆ ಮತ್ತೆ ಮೂರು ವಾರಕ್ಕೆ ಅದೇ ಫೋನ್ ಬರುತ್ತದೆ, ಅಲ್ವಾ?

ಫಿಲ್ಟರ್ ಒಳಗಿನ ಮಡಿಕೆ ಕಾಗದದ ಎಲಿಮೆಂಟ್ ಹೊರಗೆ ತೆಗೆದು ಬಿಳಿ ಬನಿಯನ್ ಬಟ್ಟೆಯಿಂದ ಹೊರಮೈ ಒರೆಸಿ ನೋಡಿದೆ. ಕಪ್ಪಾಗಿ, ಜಿಗುಟಾಗಿ ಅಂಟಿತು. ಬೆರಳಲ್ಲಿ ತಿಕ್ಕಿದರೆ ಆಯಿಲ್. ಮಡಿಕೆಗಳ ತಳದಲ್ಲಿ ಬಿಳಿ ಪೊರೆ, ಉಗುರಿನಲ್ಲಿ ಕೆರೆದರೆ ಪುಡಿಯಾಗುತ್ತಿತ್ತು. ಅದು ಉಪ್ಪು. ಕಾಗದ ಒದ್ದೆಯಾಗಿ ಉಬ್ಬಿ, ಮಡಿಕೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಕೈಯಲ್ಲಿ ಎತ್ತಿದರೆ ಹೊಸ ಎಲಿಮೆಂಟ್‌ಗಿಂತ ಎಷ್ಟೋ ಭಾರ. ನೆನೆದ ರಟ್ಟಿನ ಡಬ್ಬ ಎತ್ತಿದ ಹಾಗೆ.

ಬಟ್ಟೆಗೆ ಅಂಟುವುದನ್ನು ಓದಲು ಕಲಿತರೆ ಅರ್ಧ ಕೆಲಸ ಮುಗಿದಂತೆ. ಜಿಗುಟು ಕಪ್ಪು ಅಂದರೆ ಬ್ರೀದರ್‌ನಿಂದ (ಎಂಜಿನ್ ಒಳಗಿನ ಆವಿ ಹೊರಬಿಡುವ ಪೈಪು) ಬರುವ ಆಯಿಲ್ ಆವಿ. ಒಣ ಕಪ್ಪು, ಮಸಿಯ ಹಾಗೆ ಇದ್ದರೆ ಎಕ್ಸಾಸ್ಟ್ ಎಲ್ಲೋ ಸೋರುತ್ತಿದೆ, ಎಂಜಿನ್ ತನ್ನ ಹೊಗೆಯನ್ನೇ ಮತ್ತೆ ಎಳೆದುಕೊಳ್ಳುತ್ತಿದೆ. ಇದನ್ನು ತಕ್ಷಣ ಸರಿ ಮಾಡಬೇಕು, ಯಾಕೆಂದರೆ ಆ ಹೊಗೆ ಎಂಜಿನ್ ರೂಮಿಗೆ ಇಳಿದವರ ಜೀವಕ್ಕೇ ಅಪಾಯ. ನುಣ್ಣನೆ ಕಪ್ಪು ಪುಡಿ ಬೆಲ್ಟಿನ ಹತ್ತಿರವೇ ಜಾಸ್ತಿ ಇದ್ದರೆ ಬೆಲ್ಟ್ ಸವೆಯುತ್ತಿದೆ, ಪುಲ್ಲಿಗಳು ಒಂದೇ ನೇರದಲ್ಲಿಲ್ಲ. ನೂಲು, ನಾರು ಸಿಕ್ಕರೆ ಸೈಲೆನ್ಸರ್ ಸುತ್ತಿದ ಬಟ್ಟೆಯೋ ಗೋಡೆಯ ಹೊದಿಕೆಯೋ ಉದುರುತ್ತಿದೆ.

ಇನ್ನೊಂದು ಬಟ್ಟೆ ತೆಗೆದುಕೊಂಡು ಫಿಲ್ಟರ್ ದಾಟಿದ ಮೇಲಿನ ನಳಿಕೆಯ ಒಳಗೂ ಒರೆಸಿ. ಅಲ್ಲಿ ಧೂಳು ಸಿಗಬಾರದು. ಸಿಕ್ಕರೆ ಕ್ಲ್ಯಾಂಪ್ ಸಡಿಲ, ಇಲ್ಲವೇ ಗ್ಯಾಸ್ಕೆಟ್ ಕೂತಿಲ್ಲ. ರಬ್ಬರ್ ಹೋಸನ್ನು ಬೆರಳು ಹಾಕಿ ಒಳಗಿನಿಂದ ತಡವಿ ನೋಡಿ. ಹಳೆಯ ಹೋಸಿನ ಒಳಪದರ ಬಿಟ್ಟುಕೊಂಡಿದ್ದರೆ ಹೊರಗಿಂದ ಚೆನ್ನಾಗಿಯೇ ಕಾಣುತ್ತದೆ, ಆದರೆ ಪೂರ್ತಿ ಆರ್‌ಪಿಎಂನಲ್ಲಿ ಒಳಗೆ ಚಪ್ಪಟೆಯಾಗಿ ಗಾಳಿ ಕಟ್ಟುತ್ತದೆ. ಎಂಜಿನ್ ನಿಂತರೆ ಮತ್ತೆ ಮೊದಲಿನ ಹಾಗೆ. ಈ ದೋಷ ನಮ್ಮನ್ನು ಒಂದು ಸಲ ಎರಡು ದಿನ ಅಲೆಸಿತ್ತು.

ಮಲ್ಪೆಯಲ್ಲಿ ಬ್ರೀದರ್ ಪೈಪು ನೇರವಾಗಿ ಫಿಲ್ಟರ್ ಕಡೆಗೇ ಮುಖ ಮಾಡಿತ್ತು. ಪೀಣ್ಯದ ಬೆಂಚಿನಲ್ಲಿ ಎಂಜಿನ್ ಬಯಲಲ್ಲಿ ಓಡುತ್ತದೆ, ಆವಿ ಗಾಳಿಯಲ್ಲಿ ಹೋಗುತ್ತದೆ. ಮುಚ್ಚಿದ ಎಂಜಿನ್ ರೂಮಿನಲ್ಲಿ ಅದಕ್ಕೆ ಹೋಗಲು ಜಾಗ ಇಲ್ಲ, ಫಿಲ್ಟರ್ ಎಳೆದುಕೊಳ್ಳುತ್ತದೆ. ಇನ್ನು ಗಾಳಿ ಬರುವ ಕಿಟಕಿ. ಮಳೆಗಾಲದ ಅಲೆಯ ನೀರು ಎರಚದಿರಲಿ ಅಂತ ಹುಡುಗರು ಅದಕ್ಕೆ ಪ್ಲೈವುಡ್ ಹೊಡೆದು, ಮೇಲೆ ಟಾರ್ಪಾಲ್ ಕಟ್ಟಿದ್ದರು. ಅವರದ್ದು ಒಳ್ಳೆಯ ಉದ್ದೇಶವೇ. ನೀರು ಬರಬಾರದು, ಗಾಳಿ ಬರಬೇಕು. ಎರಡೂ ಆಗುವಂತೆ ಮಾಡಿಕೊಡಬೇಕಾದವರು ನಾವು.

ಇಲ್ಲಿನ ಫಿಲ್ಟರ್ ಅಲ್ಲಿಗೆ ಆಗಲ್ಲ

ಫಿಲ್ಟರ್ ಆರಿಸಿದ್ದು ನಾವೇ. ತಪ್ಪು ನಮ್ಮದೇ. ಮಾಲೀಕರು "ಒಳ್ಳೇ ಫಿಲ್ಟರ್ ಹಾಕಿ" ಅಂದಿದ್ದರು. ಬೆಂಗಳೂರಿನ ಜನರೇಟರ್‌ಗಳಿಗೆ ಹಾಕುವ ದಪ್ಪ ಕಾಗದದ ಫಿಲ್ಟರನ್ನೇ ಹಾಕಿದೆವು. ಇಲ್ಲಿ ಅದು ಚಿನ್ನದಂಥ ಫಿಲ್ಟರ್. ಮೆಟ್ರೊ ಕೆಲಸ, ಕಟ್ಟಡದ ಕೆಲಸ, ಎಂ-ಸ್ಯಾಂಡ್ ಲಾರಿ, ಎಲ್ಲ ಸೇರಿ ಎದ್ದ ಒಣ ಧೂಳನ್ನು ಕಾಗದ ತುಂಬಾ ಚೆನ್ನಾಗಿ ಹಿಡಿಯುತ್ತದೆ.

ಸಮುದ್ರದಲ್ಲಿ ಧೂಳು ಕಡಿಮೆ. ಅಲ್ಲಿ ಇರುವುದು ಉಪ್ಪಿನ ತೇವ, ಆಯಿಲ್ ಆವಿ, ಬೆಲ್ಟಿನ ಪುಡಿ. ಒಣ ಕಾಗದಕ್ಕೆ ಈ ಮೂರೂ ಶತ್ರುಗಳೇ. ಹಾಗಾಗಿ ಬೋಟಿಗೆ ನಾನೀಗ ತೊಳೆದು ಮತ್ತೆ ಬಳಸುವ, ತೆಳುವಾಗಿ ಎಣ್ಣೆ ಸವರಿದ ಹತ್ತಿ ಜಾಲರಿಯ ಫಿಲ್ಟರನ್ನೇ ಹೇಳುವುದು. ಜೊತೆಗೆ ಬ್ರೀದರ್ ಆವಿಯಿಂದ ಆಯಿಲ್ ಬೇರೆ ಮಾಡಿ ಎಂಜಿನ್ ತಳದ ಆಯಿಲ್ ತೊಟ್ಟಿಗೆ (ಸಂಪ್) ವಾಪಸ್ ಕಳಿಸುವ ಸಪರೇಟರ್ ಡಬ್ಬಿ ಇರಲೇಬೇಕು. ಅದಿಲ್ಲದೆ ಎಂಥ ಫಿಲ್ಟರ್ ಹಾಕಿದರೂ ಬಾಳಿಕೆ ಬರುವುದಿಲ್ಲ. ಸ್ಪಂಜಿನ ಫಿಲ್ಟರ್ ಅಗ್ಗ, ಕೆಲಸವನ್ನೂ ಮಾಡುತ್ತದೆ. ಆದರೆ ಬಿಸಿಗೆ, ಆಯಿಲ್‌ಗೆ ಸ್ಪಂಜು ಕಾಲಕ್ರಮೇಣ ಜೀರ್ಣವಾಗಿ ಚೂರು ಚೂರಾಗಿ ಎಂಜಿನ್ ಒಳಗೇ ಹೋಗುತ್ತದೆ. ಎರಡು ಬೆರಳಲ್ಲಿ ಚಿವುಟಿ ನೋಡಿ, ಪುಡಿ ಉದುರಿದರೆ ಅಂದೇ ಬದಲಿಸಿ.

ಹಳೆಯ ಬೋಟುಗಳಲ್ಲಿ ಗಾಳಿಯನ್ನು ಆಯಿಲ್ ಮೇಲೆ ಹಾಯಿಸಿ ಧೂಳು ಹಿಡಿಯುವ ಆಯಿಲ್ ಬಾತ್ ಏರ್ ಕ್ಲೀನರ್ ಈಗಲೂ ಕಾಣುತ್ತದೆ. ಟ್ರ್ಯಾಕ್ಟರ್‌ಗೆ ಒಳ್ಳೆಯದು. ಬೋಟು ಹೊಯ್ದಾಡುತ್ತದೆ. ಗುರುತಿಗಿಂತ ಮೇಲೆ ಆಯಿಲ್ ತುಂಬಿದ್ದರೆ ಓಲಾಟದಲ್ಲಿ ಅದು ಎಂಜಿನ್ ಒಳಗೆ ಹೋಗಿ, ಡೀಸೆಲ್ ನಿಲ್ಲಿಸಿದರೂ ಎಂಜಿನ್ ನಿಲ್ಲದೆ ಓಡುವ ಅಪಾಯ ಇದೆ. ಇದ್ದರೆ ಗುರುತಿಗೆ ಸರಿಯಾಗಿ ಮಾತ್ರ ತುಂಬಿ. ಸಾಧ್ಯವಾದರೆ ಬದಲಿಸಿ.

ಫಿಲ್ಟರ್ ಅಳತೆಯ ಲೆಕ್ಕ ಹೀಗೆ. ನಾಲ್ಕು ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೆ ಒಂದು ಸಲ ಗಾಳಿ ಎಳೆಯುತ್ತದೆ. 6 ಲೀಟರ್ ಎಂಜಿನ್, 1800 ಆರ್‌ಪಿಎಂ ಅಂದರೆ ನಿಮಿಷಕ್ಕೆ 900 ಸಲ, 5400 ಲೀಟರ್. ಸಿಲಿಂಡರ್ ಪೂರ್ತಿ ತುಂಬುವುದಿಲ್ಲ, ನೂರಕ್ಕೆ 85 ಹಿಡಿದರೆ ಸುಮಾರು 4600 ಲೀಟರ್. ಟರ್ಬೊ ಒಂದು ಬಾರ್ ಬೂಸ್ಟ್ ಕೊಡುತ್ತಿದ್ದರೆ ಹೆಚ್ಚುಕಡಿಮೆ ಇಮ್ಮಡಿ. ಅಂಗಡಿಯಲ್ಲಿ ಫಿಲ್ಟರಿನ ಗಾಳಿ ಅಳತೆ ಕೇಳಿ, ಬೇಕಾದದ್ದಕ್ಕಿಂತ ಒಂದು ಸೈಜ್ ದೊಡ್ಡದೇ ತನ್ನಿ. ಬಾಯಿ ಕೂರುತ್ತದೆ ಅನ್ನುವ ಒಂದೇ ಕಾರಣಕ್ಕೆ ತರಬೇಡಿ.

ತೊಳೆಯುವುದು, ಒಣಗಿಸುವುದು

ಹತ್ತಿ ಜಾಲರಿಯ ಫಿಲ್ಟರನ್ನು ಸೋಪಿನ ನೀರಿನಲ್ಲಿ ನೆನೆಸಿ, ಒಳಗಿನಿಂದ ಹೊರಕ್ಕೆ ಸಿಹಿನೀರು ಹಾಯಿಸಿ. ಡೀಸೆಲ್, ಪೆಟ್ರೋಲ್ ಬೇಡವೇ ಬೇಡ. ಕಂಪ್ರೆಸರ್ ಗಾಳಿಯೂ ಬೇಡ, ನೂಲು ಸರಿದು ಕಣ್ಣಿಗೆ ಕಾಣದ ತೂತು ಬೀಳುತ್ತದೆ. ನೆರಳಲ್ಲಿ ಒಣಗಿಸಿ, ಫಿಲ್ಟರ್ ಆಯಿಲ್ ತೆಳುವಾಗಿ ಸವರಿ. ತೊಟ್ಟಿಕ್ಕುವಷ್ಟು ಹಾಕಿದರೆ ಅದೂ ಎಂಜಿನ್ ಒಳಗೇ ಹೋಗುತ್ತದೆ. ಮಳೆಗಾಲದಲ್ಲಿ ಒಣಗಲು ಎರಡು ದಿನ ಬೇಕಾಗಬಹುದು. ಹಾಗಾಗಿ ಬೋಟಿನಲ್ಲಿ ಒಂದು ಸ್ಪೇರ್ ಇಟ್ಟಿರಿ.

ಕಾಗದದ ಎಲಿಮೆಂಟೇ ಇರುವವರಿಗೆ ಒಂದು ಮಾತು. ನೆಲಕ್ಕೆ ಬಡಿದು ಧೂಳು ಕೊಡವುವುದು ಎಲ್ಲ ಕಡೆ ನಡೆಯುವ ಅಭ್ಯಾಸ. ಅದರಿಂದ ಅಂಚು ಬಾಗುತ್ತದೆ, ಗ್ಯಾಸ್ಕೆಟ್ ಕೂರುವುದಿಲ್ಲ, ಧೂಳು ಪಕ್ಕದಿಂದ ನುಗ್ಗುತ್ತದೆ. ಗಾಳಿ ಹೊಡೆಯಲೇಬೇಕಾದರೆ 2 ಬಾರ್ ಮೀರದೆ ಒಳಗಿನಿಂದ ಹೊರಗೆ ಹೊಡೆಯಿರಿ. ಆಮೇಲೆ ಕತ್ತಲಲ್ಲಿ ಒಳಗೆ ಟಾರ್ಚ್ ಇಟ್ಟು ನೋಡಿ. ಚುಕ್ಕಿಯಂತೆ ಬೆಳಕು ಕಂಡರೆ ಎಸೆಯಿರಿ. ಆಯಿಲ್ ಹತ್ತಿದ ಕಾಗದವನ್ನು ಯಾವ ಗಾಳಿಯೂ ಸರಿ ಮಾಡುವುದಿಲ್ಲ. ಒಳಗಡೆ ಎರಡನೇ ಸಣ್ಣ ಎಲಿಮೆಂಟ್ ಇದ್ದರೆ ಅದನ್ನು ಯಾವತ್ತೂ ತೊಳೆಯಬೇಡಿ, ಬದಲಿಸಿ.

ಸುಮ್ನೆ ವಾರಕ್ಕೊಂದು ಸಲ ಬಿಚ್ಚಿ ನೋಡುವುದೂ ಬೇಡ. ಬಿಚ್ಚಿದಾಗಲೆಲ್ಲ ಸ್ವಲ್ಪ ಕಸ ಒಳಗೆ ಬೀಳುತ್ತದೆ. ರೀಡಿಂಗ್ ಏರಿದಾಗ ಬಿಚ್ಚಿ.

ಆ ಬೋಟಿಗೆ ಮಾಡಿದ್ದು

ಪ್ಲೈವುಡ್ ತೆಗೆಸಿದೆವು. ಕಿಟಕಿಯ ಮೇಲೆ ಹಿಂಭಾಗಕ್ಕೆ ಮುಖ ಮಾಡಿದ ತಗಡಿನ ಮುಸುಕು ಕೂರಿಸಿದೆವು. ಎರಚಿದ ನೀರು ತಳದ ತೂತಿನಿಂದ ಹೊರಗೆ ಹೋಗುತ್ತದೆ, ಗಾಳಿ ಒಳಗೆ ಬರುತ್ತದೆ. ಎದುರು ಬದಿಯಲ್ಲಿ ಬಿಸಿಗಾಳಿ ಹೊರಹೋಗಲು ಎತ್ತರದಲ್ಲಿ ಇನ್ನೊಂದು ತೂತು. ಎಂಜಿನ್ ಎಳೆಯುವ ಗಾಳಿ 10 ಡಿಗ್ರಿ ಬಿಸಿಯಾದರೆ ಸುಮಾರು ನೂರಕ್ಕೆ ಮೂರರಷ್ಟು ತೆಳುವಾಗುತ್ತದೆ. ಹಾಗಾಗಿ ಫಿಲ್ಟರನ್ನು ಎಕ್ಸಾಸ್ಟ್ ಕಡೆಯಿಂದ ಸರಿಸಿ ಕಿಟಕಿಯ ಹತ್ತಿರ ತಂದೆವು. ಬ್ರೀದರ್‌ಗೆ ಸಪರೇಟರ್ ಹಾಕಿದೆವು. ಬೆಂಗಳೂರಿನಿಂದ ತರಿಸಿದ ಹತ್ತಿ ಜಾಲರಿಯ ಫಿಲ್ಟರ್ ಕೂರಿಸಿದೆವು. ಅದರ ದುಡ್ಡು ನಾವು ತೆಗೆದುಕೊಳ್ಳಲಿಲ್ಲ.

ಮತ್ತೆ ಬಂದರಿನಿಂದ ಹೊರಗೆ, ಪೂರ್ತಿ ಲೋಡ್. ಎಂಜಿನ್ ರೂಮಿನ ರೀಡಿಂಗ್ 8. ಫಿಲ್ಟರ್ ರೀಡಿಂಗ್ 140. ಹೊಗೆ ನೋಡಲು ಹಿಂದಕ್ಕೆ ಹೋದ ತಂಡೇಲರು ಅಲ್ಲಿಂದಲೇ ಕೈ ಎತ್ತಿದರು.

ಬಿಳಿ ಪೇಂಟಿನಲ್ಲಿ ಫಿಲ್ಟರ್ ಹೌಸಿಂಗ್ ಮೇಲೆ 140 ಅಂತ ಬರೆದು, ಕೆಳಗೆ ತಾರೀಕು ಹಾಕಿದೆ. ಪಕ್ಕದಲ್ಲಿ ಕೆಂಪಿನಲ್ಲಿ 400. ಆ ಅಂಕಿ ಬಂದಾಗ ತೊಳೆಯಬೇಕು, 500ಕ್ಕೆ ಕಾಯುವುದು ಬೇಡ. ಹಲಗೆಗೆ ಕಟ್ಟಿದ ನೀಲಿ ನೀರಿನ ಪೈಪನ್ನು ಅವರ ಬೋಟಿನಲ್ಲೇ ಬಿಟ್ಟು ಬಂದೆ.